ಟಾಕಿಗೆ ಹಾಕಿದ ಔಷಧ

ಜೂನ್ ೯, ಸೋಮವಾರ. ಬೆಳಿಗ್ಗೆ ಹತ್ತರ ಸುಮಾರಿಗೆ ಬೀಡಿ ಗ್ರಾಮದ ಹತ್ತಿರದ ವಸ್ತಿಯೊಂದರಿಂದ ಫಕೀರವ್ವ ಖಾನಾಪುರ ಠಾಣೆಗೆ ಬಂದಳು. ಇನ್‌ಸ್ಪೆಕ್ಟರ್ ಪ್ರಮಿಳಾ ಬಂದೋಬಸ್ತು ಮುಗಿಸಿ ಆಗಷ್ಟೇ ಕುರ್ಚಿಗೆ ಒರಗಿದ್ದರು. ಮೈಯೆಲ್ಲ ಹಣ್ಣಾಗಿತ್ತು.

“ಕುಂದರ್ರಿ ಯವ್ವಾ. ಏನಾಗೇತಿ?”

“ನಮ್ಮೂರ ನೀರಿನ ಟಾಕಿಗೆ ಯಾರೋ ಔಷಧ ಹಾಕ್ಯಾರ್ರೀ. ನೀರು ಕಹಿ ಆಗೇತಿ. ಮೊಮ್ಮಗಳು ಸಮೃದ್ಧಿ ಬೆಳಗಾವಿ ದವಾಖಾನ್ಯಾಗ ಬಿದ್ದಾಳ. ಜ್ವರ ಇಳಿವಲ್ದು.”

“ಯಾರ ಮ್ಯಾಲರ ಸಂಶೆ?”

“ಯಾರ ಹೆಸರಂತ ಹೇಳ್ಲಿ?”

ಆ ಸೀಮೆಯಲ್ಲಿ ಔಷಧ ಎಂದರೆ ಹೊಲಕ್ಕೆ ಹೊಡೆಯುವ ವಿಷವೂ ಹೌದು. ಔಷಧ ಕುಡಿದು ಸತ್ತವರ ಪಂಚನಾಮೆ ಬರೆದು ಬರೆದು ಪ್ರಮಿಳಾರ ಕೈ ಸೋತಿತ್ತು. ಕುಡಿಯುವ ನೀರಿಗೆ ವಿಷ ಬೆರೆಸಿದ ಆರೋಪದಡಿ ಎಫ್‌ಐಆರ್ ದಾಖಲಾಯಿತು.

ಮಧ್ಯಾಹ್ನ ಇಬ್ಬರು ಪಂಚರೊಂದಿಗೆ ಟಾಕಿ ಹತ್ತಿದರು. ನೀರು ಬಿಡುವ ಬಾಳೇಶನೇ ಬೀಗ ತೆಗೆದ.

“ಕೀಲಿ ಯಾರ ಕಡೆ ಇರ್ತೈತಿ?”

“ನನ್ನ ಕಡೇನರೀ.”

ಮುಚ್ಚಳದ ಸಂದಿಯಲ್ಲಿ ಹೆಡ್ ಕಾನ್‌ಸ್ಟೇಬಲ್ ಲಕ್ಷ್ಮಣನಿಗೆ ಗುಳಿಗೆಯ ಖಾಲಿ ಪಟ್ಟಿಯೊಂದು ಸಿಕ್ಕಿತು. ಅದನ್ನೂ ನೀರಿನ ಮಾದರಿಯನ್ನೂ ಜಪ್ತಿ ಮಾಡಿದರು.

ಪ್ರಯೋಗಾಲಯದಿಂದ ಕಾಡಿ ಬೇಡಿ ತರಿಸಿದ ವರದಿ ವಾರಕ್ಕೆ ಬಂತು. ಕೀಟನಾಶಕದ ಸುಳಿವೇ ಇಲ್ಲ. ನೀರಿನಲ್ಲಿದ್ದದ್ದು ಆಂಟಿಬಯೊಟಿಕ್, ಜೊತೆಗೆ ಯಾವುದೋ ಕ್ರಿಮಿ.

“ಅಯ್ಯ ಶಿವನ! ಲಕ್ಷ್ಮಣ, ಖರೇನ ಔಷಧ ಹಾಕ್ಯಾರಲ್ಲೋ!”

ವರದಿ ಹಿಡಿದು ಬೆಳಗಾವಿಗೆ ಹೋದರು. ಸಮೃದ್ಧಿಯನ್ನು ನೋಡುತ್ತಿದ್ದ ಡಾಕ್ಟರ್ ದೀಪಾಲಿ ಅದನ್ನು ಎರಡು ಸಲ ಓದಿದರು.

“ನೀರಾಗ ಸ್ವಲ್ಪ ಸ್ವಲ್ಪ ಔಷಧ ಬಿದ್ರ ಎಲ್ಲಾ ಕ್ರಿಮಿ ಸಾಯೂದಿಲ್ರೀ ಮೇಡಂ. ಅದಕ್ಕ ಜಗ್ಗದ ಕ್ರಿಮಿ ಉಳದು, ಅವಷ್ಟ ಬೆಳೀತಾವ. ಟಾಕಿಯೊಳಗ ಇರೂ ಕ್ರಿಮಿನ ಈಕಿ ರಕ್ತದಾಗೂ ಅದಾವ. ಯಾವ ಔಷಧನೂ ಹತ್ತವಲ್ದು.”

“ಉಳೀತಾಳೇನ್ರಿ?”

“ಹೇಳಾಕ ಬರೂದಿಲ್ಲ.”

ಪಟ್ಟಿಯ ಮೇಲಿನ ಬ್ಯಾಚ್ ನಂಬರಿನ ಜಾಡು ಬೆಳಗಾವಿಯ ಅನಗೋಳದ ಔಷಧದಂಗಡಿಗೆ ಮುಟ್ಟಿಸಿತು. ಅಂಗಡಿಯ ಪಾರೀಸ ಕೇಳಿದ ಕೂಡಲೇ ಹೇಳಿದ.

“ಬಾಳೇಶ ಒಯ್ತಾನ್ರೀ, ಮಗಳು ಸಪ್ನಾಗಂತ. ಡಾಕ್ಟರ್ ಚೀಟಿ ತರ್ತಿದ್ದ.”

“ಸಪ್ನಾ ಸತ್ತು ವರ್ಷಾತಂತ ಊರವರು ಹೇಳ್ಯಾರ. ಚೀಟಿ ಎಂದಿಂದಂತ ನೋಡಲಿಲ್ಲೇನು?”

ಪ್ರಮಿಳಾರಿಗೆ ಬಯ್ಯುವಷ್ಟೂ ತ್ರಾಣ ಉಳಿದಿರಲಿಲ್ಲ.

ಅಂದೇ ಸಂಜೆ ಬಾಳೇಶನನ್ನು ಆತನ ಮನೆಯಲ್ಲಿ ಬಂಧಿಸಿದರು. ಆತ ಓಡಲಿಲ್ಲ, ಸುಳ್ಳೂ ಹೇಳಲಿಲ್ಲ.

“ಯಾಕ ಹಾಕಿದಿ?”

“ಸಪ್ನಾನ ದವಾಖಾನಿಗೆ ಒಯ್ದಾಗ ಡಾಕ್ಟರು ತಡಾ ಆತಂದ್ರು. ಔಷಧ ಮೊದಲ ಬೀಳಬೇಕಿತ್ತಂತ. ಅದಕ್ಕ ಊರ ಮಕ್ಕಳಿಗೆ ಜ್ವರ ಬರೂಕಿಂತ ಮೊದಲ ಕೊಟ್ಟೇನ್ರೀ. ಯಾರ ಮನಿಯಾಗೂ ಹಂಗ ಆಗಬಾರ್ದು.”

ಒಳಗೆ ಹೋಗಿ ಎರಡು ಗುಳಿಗೆ ಪಾಕೀಟು ತಂದು ಕೈಗಿಟ್ಟ.

“ಇವನ್ನ ಸಮೃದ್ಧಿಗೆ ಮುಟ್ಟಸ್ರಿ.”

ಪ್ರಮಿಳಾ ಸುಮ್ಮನಿದ್ದುಬಿಡಬಹುದಿತ್ತು. ಆದರೆ ನಾಳೆ ಕೋರ್ಟಿನಲ್ಲಿ ಯಾರೋ ವಕೀಲ ಹೇಳಿ ಆತನಿಗೆ ತಿಳಿಯುವುದಕ್ಕಿಂತ ಈಗ ತಾವೇ ಹೇಳುವುದು ನೆಟ್ಟಗೆ ಅನ್ನಿಸಿತು.

“ಇವು ಆಕೀಗೆ ಹತ್ತೂದಿಲ್ಲ, ಬಾಳೇಶ.”

“ಯಾಕ್ರೀ?”

ಜೀಪಿನಲ್ಲಿ ಬಾಜೂ ಕೂರಿಸಿಕೊಂಡು, ಡಾಕ್ಟರು ಹೇಳಿದ್ದನ್ನೆಲ್ಲ ನಿಧಾನವಾಗಿ ಹೇಳಿದರು. ಖಾನಾಪುರದಲ್ಲಿ ಠಾಣೆ ಮುಂದೆ ಇಳಿದಾಗ ಆತ ಒಂದೇ ಒಂದು ಮಾತು ಕೇಳಿಕೊಂಡ.

“ಫಕೀರವ್ವಗ ನೀವ ಹೇಳ್ರಿ ಮೇಡಂ. ನನ್ನ ಕಡಿಂದ ಆಗೂದಿಲ್ಲ.”