ಗಥೇಚಾ ಹತ್ತಿ ಕೂರದ ಕಾರು

ಸೋಮವಾರ ಬೆಳಿಗ್ಗೆ ಎಂಟರ ಹೊತ್ತಿಗೆ ನಕೂರು ಹೆದ್ದಾರಿಯ ಪೊಲೀಸ್ ಠಾಣೆಗೆ ನಾಲ್ಯಾಕಾ ಎಂಬ ಹೆಂಗಸು ಬಂದಳು. ಅವಳ ಗಂಡ ಸಿಮಿಯು ಟೋಯಿಂಗ್ ಲಾರಿಯ ಚಾಲಕ. ಶನಿವಾರ ಸಂಜೆ, ಚರಂಡಿಗಿಳಿದಿದ್ದ ಟೊಮೇಟೊ ಲಾರಿಯನ್ನು ಮೇಲೆತ್ತುವಾಗ ಸತ್ತಿದ್ದ.

"ಅಪಘಾತ ಅಂತ ಬರ್ಕೊಂಡಾಗಿದೆಯಲ್ಲಮ್ಮ," ಎಂದ ಕಾನ್‌ಸ್ಟೇಬಲ್ ಒಬುರ.

"ಚಾಲಕನ ತಪ್ಪು ಅಂತಾನೂ ಬರ್ಕೊಂಡಿದೀರ. ಅವನ ಧಣಿ ಹೇಳಿದ್ದನ್ನೇ ಬರ್ಕೊಂಡಿದೀರ. ಅಪ್ಪ ಬುದ್ಧಿಯಿಲ್ದೆ ಸತ್ತ ಅಂತ ಕೇಳ್ಕೊಂಡು ನನ್ನ ಮಕ್ಕಳು ಬೆಳೀಬೇಕಾ? ಆ ಲಾರಿ ಅವತ್ತು ಬೆಳಿಗ್ಗೆ ತಾನೆ ರಿಪೇರಿ ಆಗಿ ಬಂದಿತ್ತು. ಅದನ್ನ ಯಾರಾದ್ರೂ ನೋಡಿದ್ರಾ?"

ಯಾರೂ ನೋಡಿರಲಿಲ್ಲ. ಒಳಗೆ ಕೂತಿದ್ದ ಇನ್ಸ್‌ಪೆಕ್ಟರ್ ರೋಸಲಿನ್ ಮುಟಿಂಡಾ ಅವರಿಗೆ ನಾಚಿಕೆಯಾಯಿತು. ಎದ್ದು ಬಂದು, ದೂರನ್ನು ಹೊಸದಾಗಿ ತಾವೇ ಬರೆದುಕೊಂಡರು.

ಹತ್ತು ಗಂಟೆಗೆ ಸ್ಥಳ ಪಂಚನಾಮೆ. ಲಾರಿ ಇನ್ನೂ ರಸ್ತೆ ಬದಿಯಲ್ಲೇ ಇತ್ತು. ಅದರ ಹಣೆಯ ಮೇಲೆ ಆನೆಯ ಚಿತ್ರ, ಕೆಳಗೆ 'ತೆಂಬೊ' ಎಂಬ ಹೆಸರು. ಹಿಂಬದಿಯ ಉಕ್ಕಿನ ತೋಳಿನ ತುದಿಯಲ್ಲಿ ಎಳೆಯುವ ತಂತಿಹಗ್ಗ ಒಂದು ದಪ್ಪ ರಾಟೆಯ ಮೇಲೆ ಓಡುತ್ತದೆ. ಆ ರಾಟೆಯನ್ನು ಹಿಡಿದಿಟ್ಟಿದ್ದ ಪಿನ್ನು ಎರಡು ತುಂಡಾಗಿ, ರಾಟೆ ಸಿಮಿಯುವಿನ ತಲೆಗೆ ಬಡಿದಿತ್ತು.

ಒಬುರ ತುಂಡನ್ನು ಬಿಸಿಲಿಗೆ ಹಿಡಿದ. "ಅಫಂದೆ ಮೇಡಂ, ಮುರಿದ ಮುಖದಲ್ಲಿ ಅರ್ಧ ಹೊಳೀತಿದೆ. ಇನ್ನರ್ಧದಲ್ಲಿ ಹಳದಿ ಬಣ್ಣ ಇಳಿದಿದೆ."

"ಬಣ್ಣ ಯಾವಾಗಿನದು?"

"ಹೊಸದು. ಕೈಗೆ ಇನ್ನೂ ವಾಸನೆ ಹತ್ತುತ್ತೆ."

ಮುಟಿಂಡಾ ಅವರಿಗೆ ಅರ್ಥವಾಯಿತು. ಪಿನ್ನು ಮುರಿದ ಮೇಲೆ ಬಣ್ಣ ಬಳಿದವರಿಲ್ಲ. ಬಿರುಕು ಮೊದಲೇ ಇತ್ತು, ಬಳಿದವರು ಅದರ ಮೇಲೆಯೇ ಬಳಿದಿದ್ದಾರೆ. ತುಂಡುಗಳನ್ನು ಸಾಕ್ಷಿಗಳ ಎದುರು ಚೀಲಕ್ಕೆ ಹಾಕಿ ಮೊಹರು ಮಾಡಿದರು.

ರಿಪೇರಿ ಮಾಡಿದ್ದು ಗಥೇಚಾ ಎಂಬ ಮುದುಕರು. ಪೇಟೆಯ ಹಿಂದೆ ತಗಡಿನ ಮಾಡಿನ ಕೆಳಗೆ ಅವರ ಅಂಗಡಿ. ಟೋಯಿಂಗ್ ಲಾರಿಗಳ ರಾಟೆ, ಕೊಕ್ಕೆ, ಸರಪಳಿ ಬಿಟ್ಟು ಬೇರೆ ಕೆಲಸ ಮುಟ್ಟುವವರಲ್ಲ. ಅವರ ಕೈ ತಾಗಿದ ಮೇಲೆ ಹತ್ತು ವರ್ಷ ನಿಶ್ಚಿಂತೆ ಎಂದು ದಾರಿಯುದ್ದಕ್ಕೂ ಹೇಳುತ್ತಾರೆ. ಪೊಲೀಸರನ್ನು ಕಂಡು ಮುದುಕರು ಕೂತಲ್ಲಿಂದ ಏಳಲಿಲ್ಲ.

"ಪಿನ್ನು ಬದಲಾಯಿಸಿದ್ರಾ, ಮ್ಜೇ?" ಹಿರಿಯರನ್ನು ಕರೆಯುವ ಮಾತಿನಲ್ಲೇ ಮುಟಿಂಡಾ ಕೇಳಿದರು.

"ಇಲ್ಲ."

"ಬಿರುಕು ಕಾಣಲಿಲ್ವಾ?"

"ವಯಸ್ಸಾಯ್ತಮ್ಮ. ಕಣ್ಣು ಮಂಜು."

ಅದೇ ಕಣ್ಣಿನಲ್ಲಿ ಅವರು ಆಗ ಸೂಜಿಗೆ ದಾರ ಪೋಣಿಸುತ್ತಿದ್ದರು. ಮುಟಿಂಡಾ ಅದನ್ನು ನೋಡಿಕೊಂಡು ಹೊರಗೆ ಬಂದರು.

ಎದುರಿಗೆ, ಎಲ್ಲರೂ 'ಮಾಮಾ' ಅಂದರೆ ಅಮ್ಮ ಎಂದು ಕರೆಯುವ ಮೋರಾಳ ಚಹಾದ ಗೂಡು. ಒಬುರ ಎಣ್ಣೆಯಲ್ಲಿ ಕರಿದ ಬಿಸಿ ಮಂಡಾಜಿ ಮುರಿಯುತ್ತ ಕೇಳಿದ, "ಶನಿವಾರ ಏನಾದ್ರೂ ವಿಶೇಷ ನಡೀತಾ, ಮಾಮಾ?"

"ತಿನ್ನೋದು ಮೊದಲು ನುಂಗು. ಪೊಲೀಸ್ನೋರು ಬಾಯಲ್ಲಿ ಇಟ್ಕೊಂಡೇ ವಿಚಾರಣೆ ಮಾಡೋದಾ?" ಎಂದು ಗದರಿದ ಮೋರಾ ಆಮೇಲೆ ದನಿ ತಗ್ಗಿಸಿದಳು. "ಮುದುಕರು ಅವತ್ತು ಹತ್ತಿ ಕೂರ್ಲಿಲ್ಲ."

"ಎಲ್ಲಿ?"

"ಕಾರಲ್ಲಿ. ರಿಪೇರಿ ಮುಗಿದ ಮೇಲೆ ಆ ಮೂಲೇಲಿರೋ ಹಳೇ ಕಾರನ್ನ ಲಾರಿಯಿಂದ ಮೇಲೆತ್ತಿಸಿ ನೋಡ್ತಾರೆ. ಎತ್ತೋವಾಗ ತಾವೇ ಅದ್ರೊಳಗೆ ಕೂತಿರ್ತಾರೆ. ನನ್ನ ಕೆಲಸ ಕೆಟ್ಟಿದ್ರೆ ಮೊದಲು ನಾನು ಬೀಳ್ಬೇಕು ಅಂತಾರೆ. ನಾವೆಲ್ಲ ನಗ್ತೀವಿ, ಮುದುಕರ ಉಯ್ಯಾಲೆ ಅಂತ. ಶನಿವಾರ ಖಾಲಿ ಕಾರನ್ನೇ ಎತ್ತಿಸಿ ಇಳಿಸಿದ್ರು. ಹುಷಾರಿಲ್ವೇನೋ ಅಂದ್ಕೊಂಡೆ."

ಒಬುರನ ಮಂಡಾಜಿ ಕೈಯಲ್ಲೇ ಉಳಿಯಿತು. ಮುದುಕರಿಗೆ ಪಿನ್ನಿನ ಸ್ಥಿತಿ ಗೊತ್ತಿತ್ತು.

ಮಧ್ಯಾಹ್ನ ಅಂಗಡಿಯ ಶೋಧ ನಡೆಯಿತು. ಹುಡುಕಲು ಹೆಚ್ಚೇನೂ ಇರಲಿಲ್ಲ. ಗಥೇಚಾ ತಾವೇ ಎದ್ದು, ಗೋಡೆಗೆ ತೂಗುಹಾಕಿದ್ದ ಅಂಗಿಯ ಜೇಬಿನಿಂದ ಒಂದು ಬಟ್ಟೆಯ ಚೂರನ್ನು ತೆಗೆದು ಮೇಜಿನ ಮೇಲಿಟ್ಟರು. ಹೆಂಗಸರು ಹೊದೆಯುವ ಹಳದಿ ಲೇಸೊ ಬಟ್ಟೆ, ಅಂಚಿಗೆ ನೀಲಿ ದಾರದ ಕೈಹೊಲಿಗೆ. ನಡುವೆ ಬಿಗಿಯಾದ ಜೋಡಿ ಗಂಟು.

"ಹೊಲಿಗೆ ನನ್ನ ಹೆಂಡತೀದು," ಎಂದರು. "ಲೇಸೊ ನನ್ನ ಮಗಳದು. ವಂಗೇಚಿ."

ಎರಡು ವರ್ಷದ ಹಿಂದೆ ಘಾಟಿಯಲ್ಲಿ ಪ್ರಯಾಣಿಕರ ಮಟಾಟು ವ್ಯಾನೊಂದು ಉರುಳಿದ್ದು ಮುಟಿಂಡಾ ಅವರಿಗೂ ನೆನಪಿತ್ತು. ಅದನ್ನು ಮೇಲೆಳೆದದ್ದು ತೆಂಬೊ. ವ್ಯಾನಿನ ಕೆಳಗೆ ಒಬ್ಬ ಹುಡುಗಿಯ ಶವ ಸಿಕ್ಕಿತ್ತು.

"ಉರುಳಿದ ಕ್ಷಣವೇ ಜೀವ ಹೋಯ್ತು, ನರಳಲಿಲ್ಲ ಅಂದ್ರು. ಅದನ್ನೇ ನೆಚ್ಕೊಂಡು ಬದುಕಿದ್ದೆ. ಶನಿವಾರ ರಾಟೆ ಬಿಚ್ಚಿದೆ. ಒಳಗೆ ಗ್ರೀಸಿನಲ್ಲಿ ಇದು ಸಿಕ್ಕಿಕೊಂಡಿತ್ತು. ತೊಳೆದೆ, ನೀಲಿ ದಾರ ಕಾಣಿಸ್ತು. ಬಟ್ಟೆ ತಾನಾಗಿ ಗಂಟು ಹಾಕ್ಕೊಳಲ್ಲಮ್ಮ. ಅವಳು ಬದುಕಿದ್ಲು. ಕೆಳಗಿದೀನಿ, ಎಳೀಬೇಡಿ ಅಂತ ಹಗ್ಗಕ್ಕೆ ಕಟ್ಟಿದಾಳೆ. ತೆಂಬೊ ಎಳೆದ."

"ಪಿನ್ನು?"

"ಬಿರುಕು ಕಂಡಿತ್ತು. ನಾನು ಬೇರೇನೂ ಮಾಡ್ಲಿಲ್ಲ. ವಾಪಸ್ ಹಾಕಿ ಬಣ್ಣ ಬಳಿದೆ."

ಮಧ್ಯಾಹ್ನ ಎರಡೂವರೆಗೆ ಗಥೇಚಾ ಅವರನ್ನು ಬಂಧಿಸಲಾಯಿತು.

ಠಾಣೆಯಲ್ಲಿ ಹೇಳಿಕೆ ಬರೆಯುವಾಗ ಮುಟಿಂಡಾ ಪೆನ್ನು ಕೆಳಗಿಟ್ಟರು. ಹೇಳಲೇಬೇಕಾದ ಮಾತೊಂದಿತ್ತು. ಈ ದಾರಿಯಲ್ಲಿ ಲಾರಿಯ ಹೆಸರೇ ಚಾಲಕನ ಹೆಸರು. ಯಾರು ಹತ್ತಿ ಕೂತರೂ ಅವನು ತೆಂಬೊ. ಹುಟ್ಟಿದ ಹೆಸರನ್ನು ಕೇಳುವವರೇ ಇಲ್ಲ.

"ಮ್ಜೇ, ಆ ಘಾಟಿಯ ತೆಂಬೊ ನಿಮಗೆ ಮುಖ ಪರಿಚಯವಾ?"

"ಇಲ್ಲ. ಲಾರಿ ನನ್ನ ಹತ್ರ ಬಂದದ್ದೇ ಮೊದಲ ಸಲ. ಇವನು ಒಳಗೆ ಬಂದು, ನಾನು ತೆಂಬೊ ಅಂದ."

"ಆ ತೆಂಬೊ ಅಪಘಾತ ಆದ ವಾರವೇ ಕೆಲಸ ಬಿಟ್ಟು ಊರಿಗೆ ಹೋದ. ಇವನ ಹೆಸರು ಸಿಮಿಯು. ಆಗ ದೂರದ ಬುಂಗೋಮದಲ್ಲಿ ಕಬ್ಬಿನ ಲಾರಿ ಓಡಿಸ್ತಿದ್ದ. ಇಲ್ಲಿಗೆ ಬಂದು ನಾಲ್ಕು ತಿಂಗಳು."

ಒಬುರ ಕೊಟ್ಟ ನೀರನ್ನು ಗಥೇಚಾ ಬದಿಗೆ ಸರಿಸಿದರು.

"ಬರ್ಕೊಳಮ್ಮ," ಎಂದರು ಕೊನೆಗೆ. "ಲಾರಿ ಒಯ್ಯೋಕೆ ಬಂದಾಗ ನಾನು ಎಡವಿದೆ. ಅವನು ತೋಳು ಹಿಡಿದು ಸ್ಟೂಲಿನ ಮೇಲೆ ಕೂರಿಸಿದ. ಮ್ಜೇ, ಚಹಾ ಕುಡ್ದು ನಿಧಾನಕ್ಕೆ ಏಳಿ ಅಂದ. ಆಗಲೇ ನನ್ನ ಮನಸ್ಸು ಹೊಯ್ದಾಡ್ತಿತ್ತು, ಪಿನ್ನು ಬದಲಾಯಿಸೋಣ ಅಂತಿದ್ದೆ. ನನ್ನ ಮಗಳನ್ನ ಕೊಂದ ಕೈ ಇಷ್ಟು ಮೆತ್ತಗಿದೆಯಲ್ಲ ಅಂತ ಹೊಟ್ಟೆ ಉರೀತು. ಸುಮ್ಮನಾದೆ."

ಸಂಜೆ ನಾಲ್ಯಾಕಾಳನ್ನು ಕರೆಸಿದರು. 'ಚಾಲಕನ ತಪ್ಪು' ಎಂಬ ಸಾಲನ್ನು ಮುಟಿಂಡಾ ಅವಳ ಎದುರಿಗೇ ಹೊಡೆದುಹಾಕಿ ಸಹಿ ಮಾಡಿದರು. ಆಮೇಲೆ ಮುದುಕರ ಹೇಳಿಕೆಯನ್ನು ಓದಿ ಹೇಳಿದರು. ವಂಗೇಚಿಯ ವಿಷಯವನ್ನು ನಾಲ್ಯಾಕಾ ತಲೆ ತಗ್ಗಿಸಿ ಕೇಳಿದಳು. ಗಂಡ ಮುದುಕರ ತೋಳು ಹಿಡಿದು ಕೂರಿಸಿದ ಮಾತು ಬಂದಾಗ ಮುಖವೆತ್ತಿದಳು.

"ಹೌದು," ಎಂದಳು. "ಅವನು ಹಂಗೇನೆ. ದಾರೀಲಿ ವಯಸ್ಸಾದೋರು ಕಂಡ್ರೆ ಲಾರಿ ನಿಲ್ಲಿಸೋನು."

ಬೆಳಿಗ್ಗೆಯಿಂದ ತಡೆದುಕೊಂಡಿದ್ದವಳು ಬೆಂಚಿನ ಮೇಲೆ ಕೂತು ಅಳತೊಡಗಿದಳು.