ಕರಗದ ನಶ್ಯದ ಡಬ್ಬಿ

ನಂಬಿದರೆ ನಂಬಿ, ಬಿಟ್ಟರೆ ಬಿಡಿ. ಹಳೆಯ ಚಿನ್ನ ಕರಗಿಸಿ, ಬಂದ ಗಟ್ಟಿಗೆ ಬೆಲೆ ಕಟ್ಟಿ ಕೊಳ್ಳುವುದು ನನ್ನ ಕಸುಬು. ಒಂದು ಮಟಮಟ ಮಧ್ಯಾಹ್ನ ಹೆಂಗಸೊಬ್ಬಳು ತೀರಿಹೋದ ಅತ್ತೆಯ ಚಿನ್ನದ ನಶ್ಯದ ಡಬ್ಬಿ ತಂದಳು.

"ಹೀಗೇ ಮಾರಿದ್ರೆ ಹಳೇ ಸಾಮಾನು ಕೂಡಿಡೋರು ಜಾಸ್ತಿ ಕೊಡ್ತಾರಮ್ಮ. ಕರಗಿಸಿದ್ರೆ ಬರೀ ಚಿನ್ನದ ಬೆಲೆ," ಎಂದೆ.

"ಬೇಡಪ್ಪ, ಇಡಿಯಾಗಿದ್ರೆ ಅತ್ತೆ ಡಬ್ಬಿ ಬಿಟ್ಟು ಹೋಗಲ್ಲ," ಎಂದು ನಕ್ಕಳು.

ತಮಾಷೆ ಅಂದುಕೊಂಡೆ. ಡಬ್ಬಿಯನ್ನು ಮೂಸೆಗೆ ಹಾಕಿ ಕುಲುಮೆಯಲ್ಲಿಟ್ಟೆ. ಮೂಸೆ ಕೆಂಪಗೆ ಕಾದರೂ ಡಬ್ಬಿ ಜಪ್ಪಯ್ಯ ಅನ್ನಲಿಲ್ಲ. ಇಕ್ಕಳದಲ್ಲಿ ಹಿಡಿದರೆ ಇಕ್ಕಳವೇ ತಣ್ಣಗಾಯಿತು. ಅಂಗಡಿ ತುಂಬ ನಶ್ಯದ ಘಾಟು. ಆಮೇಲೆ ಬೆಂಕಿಯೊಳಗಿಂದ ಯಾರೋ ಜೋರಾಗಿ ಸೀನಿದರು. ನಾನು ಇಕ್ಕಳ ಬಿಸಾಕಿ ಬಾಗಿಲ ಹತ್ತಿರಕ್ಕೆ ಹಾರಿದೆ.

ಸೊಸೆ ಮಾತ್ರ ಕುರ್ಚಿ ಬಿಟ್ಟು ಏಳಲಿಲ್ಲ. "ನಮ್ಮತ್ತೆ ಯಾರಿಗೂ ಸುಲಭಕ್ಕೆ ಕರಗೋರಲ್ಲ," ಎಂದವಳು ಕುಲುಮೆಯ ಕಡೆ ಬಾಗಿ, "ಅತ್ತೆ, ಈ ದುಡ್ಡು ನಿಮ್ಮ ಮೊಮ್ಮಗಳ ಕಾಲೇಜಿಗೆ, ನನಗಲ್ಲ. ಹಟ ಸಾಕು ಬಿಡಿ," ಎಂದಳು.

ಅಷ್ಟೇ, ಡಬ್ಬಿ ಬೆಣ್ಣೆಯಂತೆ ಕರಗಿಹೋಯಿತು! ಸೊಸೆ ದುಡ್ಡು ತೆಗೆದುಕೊಂಡು ಕುಣಿಯುತ್ತ ಹೋದಳು.

ಆ ಗಟ್ಟಿಯಲ್ಲಿ ಒಂದು ಜೊತೆ ಓಲೆ ಮಾಡಿಸಿ ಮಾರಿದೆ. ಕೊಂಡಾಕೆ ನಿನ್ನೆ ಅದನ್ನು ವಾಪಸ್ ತಂದಳು.

"ಇದನ್ನ ಹಾಕ್ಕೊಂಡಾಗೆಲ್ಲ ಬರೀ ಸೀನು," ಎಂದಳು.

"ನೆಗಡಿ ಇರಬೇಕಮ್ಮ, ಡಾಕ್ಟರಿಗೆ ತೋರಿಸಿ," ಎಂದೆ.

"ಸೀನೋದು ನಾನಲ್ಲ ಸ್ವಾಮಿ, ಓಲೆ."