ಬಾರಿನ ಬಾಗಿಲಲ್ಲಿ ನೀಲಿ ಬೂಟು

ಟಕ್.

ಆಮೇಲೆ ಮೌನ. ಮತ್ತೆ, ಟಕ್.

ಸೈಕಲ್ ಅಂಗಡಿಯ ಮೇಲಿನ ಕೋಣೆಯಲ್ಲಿ ನಿದ್ದೆ ಬಾರದೆ ಮಲಗಿದ್ದ ಮಿರೆಲ್ಲಾ ಉಸಿರು ಬಿಗಿಹಿಡಿದು ಕೇಳಿಸಿಕೊಂಡಳು. ಕೆಳಗಿನ ಕಲ್ಲುಹಾಸಿನ ಬೀದಿಯಲ್ಲಿ ಯಾರೋ ಸೈಕಲ್ ತಳ್ಳಿಕೊಂಡು ಹೋಗುತ್ತಿದ್ದರು. ಅದು ಸೈಕಲ್ ಬೂಟಿನ ಸದ್ದು. ಅಟ್ಟೆಯ ಅಡಿಗೆ ತಿರುಪು ಹಾಕಿ ಕೂರಿಸುವ, ಪೆಡಲನ್ನು ಕಚ್ಚಿ ಹಿಡಿಯುವ ಕ್ಲೀಟು ಕಲ್ಲಿಗೆ ತಾಗುವ ಸದ್ದು. ಆದರೆ ಎರಡು ಹೆಜ್ಜೆಗೆ ಒಂದೇ ಟಕ್. ಅಂದರೆ ಒಂದು ಕಾಲಲ್ಲಿ ಬೂಟಿದೆ, ಇನ್ನೊಂದರಲ್ಲಿ ಬರೀ ಕಾಲುಚೀಲ.

ಭಾನುವಾರ ರಾತ್ರಿ ಒಂಟಿ ಬೂಟಿನಲ್ಲಿ ಮನೆಗೆ ಹೋಗುವವರಿದ್ದರೆ ಅದಕ್ಕೆ ಅರ್ಥ ಒಂದೇ. ಊರಿನ ಸೈಕಲ್ ಬಳಗದಲ್ಲಿ ಹಳೆಯ ರೂಢಿಯೊಂದಿತ್ತು. ಗ್ರಾಪ್ಪಾ ಬೆಟ್ಟ ಹತ್ತುವಾಗ ಯಾರು ಇಳಿದು ಸೈಕಲ್ ತಳ್ಳಿದರೋ, ಯಾರು ಬೇರೆಯವರಿಂದ ತಳ್ಳಿಸಿಕೊಂಡರೋ, ಅವರ ಒಂದು ಬೂಟು, ಕಾಫಿಯೂ ಮದ್ಯವೂ ಸಿಗುವ ಊರಿನ ಬಾರಿನ ಬಾಗಿಲ ಮೇಲೆ ಒಂದು ವಾರ ನೇತಾಡಬೇಕು.

ಅವಳು ಕಿಟಕಿಯ ಬಳಿ ಹೋದಳು, ತೆರೆಯಲಿಲ್ಲ. ಸಂದಿಯಿಂದ ಕಂಡದ್ದು ಒಂದು ಅಗಲವಾದ ಬೆನ್ನು. ಅಂಥ ಬೆನ್ನು ಊರಲ್ಲಿ ಇನ್ಯಾರಿಗೂ ಇರಲಿಲ್ಲ. ಬೀದಿದೀಪದ ಕೆಳಗೆ ಅದು ಸ್ವಲ್ಪ ಬಾಗಿತ್ತು.

ಒಲಿಂದೊ.

ಇದು ನನ್ನ ಕೆಲಸ ಎಂದುಕೊಂಡಳು ಮಿರೆಲ್ಲಾ. ಅವನನ್ನು ಬಾಗಿಸಿದ್ದು ಬೆಟ್ಟವಲ್ಲ, ನಾನು.

*

ಫೆಬ್ರವರಿಯಲ್ಲಿ ಅವನು ಮೊದಲ ಸಲ ಅಂಗಡಿಗೆ ಬಂದಾಗ ಬಾಗಿಲಲ್ಲಿ ತಲೆ ತಗ್ಗಿಸಿ ಒಳಗೆ ಕಾಲಿಟ್ಟಿದ್ದ.

"ಇಲ್ಲಿ ಆನೆಗೆ ಬೂಟು ಸಿಗತ್ತಾ?"

"ಆನೆಗಳು ಈ ಕಡೆ ಬರಲ್ಲ. ನಾವು ಮನುಷ್ಯರಿಗಷ್ಟೇ ಮಾರೋದು," ಎಂದಿದ್ದಳು.

ಅವನ ಕಿವಿಯ ತುದಿ ಕೆಂಪಾಯಿತು. ಇಷ್ಟು ದೊಡ್ಡ ಮನುಷ್ಯನಿಗೆ ಇಷ್ಟು ಚಿಕ್ಕ ಜಾಗದಲ್ಲಿ ನಾಚಿಕೆ ಬರುತ್ತದಲ್ಲ ಎಂದು ಅವಳಿಗೆ ಅಚ್ಚರಿಯಾಗಿತ್ತು.

ಒಲಿಂದೊ ಪ್ರಾಥಮಿಕ ಶಾಲೆಯ ಅಡುಗೆಯವನು. ಮಕ್ಕಳು ಅವನನ್ನು ಗ್ರಾಪ್ಪಾ ಎಂದೇ ಕರೆಯುತ್ತಿದ್ದರು. "ಈ ಬೇಸಿಗೇಲಿ ಆ ಗ್ರಾಪ್ಪಾ ಮೇಲೆ ಈ ಗ್ರಾಪ್ಪಾ ಹತ್ತಬೇಕು, ಅಷ್ಟೇ ಆಸೆ," ಎಂದು ನಕ್ಕಿದ್ದ.

ಅಂಗಡಿಯ ಒಡತಿ ನೆರೀನಾ ಚಿಕ್ಕಮ್ಮ ಇದ್ದಿದ್ದರೆ ನಮಸ್ಕಾರಕ್ಕೂ ಮೊದಲು "ತೂಕ ಎಷ್ಟಪ್ಪಾ?" ಎಂದು ಬೀದಿಗೆಲ್ಲ ಕೇಳುವಂತೆ ಕೂಗುತ್ತಿದ್ದಳು. ಅಂದು ಅವಳಿರಲಿಲ್ಲ. ಮಿರೆಲ್ಲಾ ಪಾದುವಾದಲ್ಲಿ ಸಾಹಿತ್ಯ ಓದಿದವಳು. ಒಂದು ಮಾತು ಆಡುವ ಮೊದಲು ಅದು ಎದುರಿನವರಿಗೆ ಎಲ್ಲಿ ಚುಚ್ಚೀತು ಎಂದು ನಾಲ್ಕು ಸಲ ಯೋಚಿಸುವವಳು. ಆ ಕೆಂಪು ಕಿವಿಗಳನ್ನು ನೋಡಿ ಪ್ರಶ್ನೆಯನ್ನು ನುಂಗಿಕೊಂಡಳು. ಅವನ ಕಣ್ಣು ನೀಲಿ ಬೂಟಿನ ಮೇಲಿತ್ತು. ಪಾದ ಅಗಲವಾಗಿದ್ದರಿಂದ ಒಂದು ಅಳತೆ ದೊಡ್ಡದನ್ನೇ ಕೊಟ್ಟಳು. ಅವನು ಎದ್ದು ನಿಂತಾಗ ನೈಲಾನ್ ಅಟ್ಟೆ ನಡುವೆ ಕೂದಲೆಳೆಯಷ್ಟು ಬಾಗಿತು. ಅವಳು ಅದನ್ನು ನೋಡಿದಳು. ಅವನ ಮುಖದ ಸಂತೋಷವನ್ನೂ ನೋಡಿದಳು. ಸುಮ್ಮನಾದಳು.

ಅದು ತಪ್ಪು, ಆದರೆ ಕ್ಷಮಿಸಬಹುದಾದ ತಪ್ಪು. ಕ್ಷಮಿಸಲಾಗದ್ದು ಮುಂದಿನ ಶನಿವಾರ ನಡೆಯಿತು.

"ಏರಿನಲ್ಲಿ ಬೆರಳುಗಳು ಜೋಮು ಹಿಡೀತಾವೆ," ಎಂದು ಅವನು ಬಂದ. ಅವಳಿಗೆ ತಕ್ಷಣ ಕಾರಣ ತಿಳಿಯಿತು. ಅಷ್ಟು ಭಾರ ಒತ್ತಿದಾಗಲೆಲ್ಲ ಮೆತ್ತನೆಯ ಅಟ್ಟೆ ಪೆಡಲಿನ ಮೇಲೆ ಬಾಗುತ್ತದೆ, ನರ ಅದುಮುತ್ತದೆ. ಉದ್ದ ಹೆಚ್ಚಾದ ಬೂಟಿನಲ್ಲಿ ಹಿಮ್ಮಡಿ ಎದ್ದು ಕಾಲು ಮುಂದಕ್ಕೆ ಜಾರುತ್ತದೆ. ಅವನಿಗೆ ಬೇಕಾದ್ದು ಹಿಂದಿನ ಕಪಾಟಿನಲ್ಲೇ ಇತ್ತು: ಕಪ್ಪು ಬಣ್ಣದ್ದು, ಅಗಲ ಪಾದದವರಿಗೆಂದೇ ಮಾಡಿದ್ದು, ಕಾರ್ಬನ್ನಿನ ಗಟ್ಟಿ ಅಟ್ಟೆ. ಅವಳ ಕೈ ಅತ್ತ ಚಾಚಿತ್ತು.

"ಅಂದಹಾಗೆ," ಎಂದ ಅವನು, ಜೇಬಿನಿಂದ ಕಾಗದದ ಪೊಟ್ಟಣ ತೆಗೆದು. "ಮಕ್ಕಳಿಗೆ ಅಂತ ಸೇಬಿನ ಕೇಕ್ ಮಾಡಿದ್ದೆ. ಒಂದು ತುಂಡು ನಿಮಗೆ ಅಂತ ಬಚ್ಚಿಟ್ಟೆ. ಮೂವತ್ತು ಮಕ್ಕಳ ಕಣ್ಣು ತಪ್ಪಿಸೋದು ಅಂದ್ರೆ ಸುಮ್ನೆ ಅಲ್ಲ."

ಕೇಕು ಇನ್ನೂ ಬೆಚ್ಚಗಿತ್ತು. ಸರಿಯಾದ ಬೂಟು ಸಿಕ್ಕವನು ಮುಂದಿನ ಶನಿವಾರ ಯಾಕೆ ಬರುತ್ತಾನೆ?

ಚಾಚಿದ ಕೈ ಹಿಂದೆ ಬಂತು. ಅವಳು ಕ್ಲೀಟನ್ನು ಒಂದಿಷ್ಟು ಸರಿಸಿ, "ಮುಂದಿನ ವಾರ ನೋಡೋಣ," ಎಂದಳು.

ಆ ವಾರದಿಂದ ಮೇ ತಿಂಗಳವರೆಗೂ ಅವಳು ನೋಡುತ್ತಲೇ ಇದ್ದಳು. ಒಮ್ಮೆ ದಪ್ಪ ಒಳಪದರ, ಒಮ್ಮೆ ತೆಳು ಕಾಲುಚೀಲ, ಒಮ್ಮೆ ಪಟ್ಟಿ ಸಡಿಲ. ಅವನ ಕಾಲ ಬಳಿ ಕೂತು ತಲೆಯೆತ್ತಿದಾಗಲೆಲ್ಲ ಅವನು ಅವಳನ್ನೇ ನೋಡುತ್ತಿದ್ದ. ಸಿಕ್ಕಿಬಿದ್ದೊಡನೆ ಗೋಡೆಯ ಮೇಲಿನ ಟಯರುಗಳನ್ನು ಎಣಿಸುವವನಂತೆ ನಟಿಸುತ್ತಿದ್ದ.

"ಎಷ್ಟಿದಾವೆ?" ಎಂದು ಒಮ್ಮೆ ಕೇಳಿದಳು.

"ಏನು?"

"ಟಯರು."

"ಗೊತ್ತಿಲ್ಲ. ಮಧ್ಯದಲ್ಲಿ ನೀವು ಬಂದುಬಿಡ್ತೀರ."

ಆ ಮಾತನ್ನು ಅವಳು ವಾರವಿಡೀ ನೆನೆದು ನಕ್ಕಿದ್ದಳು. ನಕ್ಕ ಪ್ರತಿ ಸಲವೂ ಅವನ ಜೋಮು ಹಿಡಿದ ಬೆರಳುಗಳು ನೆನಪಾಗಿ ನಗು ಕಹಿಯಾಗಿತ್ತು.

*

ಸೋಮವಾರ ಬೆಳಿಗ್ಗೆ ನೆರೀನಾ ಚಿಕ್ಕಮ್ಮ ಬಾರಿನಲ್ಲಿ ಕಾಫಿ ಕುಡಿದು ಸುದ್ದಿ ಹೊತ್ತು ಬಂದಳು.

"ನಮ್ಮ ಅಂಗಡಿ ಬೂಟು ನೇತಾಡ್ತಿದೆ ಕಣೇ! ಆ ಅಡುಗೆಯವನದು. ಕಾಲು ಮರಗಟ್ಟಿತಂತೆ, ಅರ್ಧ ಬೆಟ್ಟ ತಳ್ಕೊಂಡು ಹೋದನಂತೆ. ನನ್ನಂಥ ದೇಹಕ್ಕೆ ಬೆಟ್ಟ ಯಾಕೆ ಅಂತ ಎಲ್ಲರ ಮುಂದೆ ತನ್ನನ್ನೇ ಆಡ್ಕೊಂಡು ನಕ್ಕನಂತೆ. ಸೈಕಲ್ ಮಾರ್ತಾನಂತೆ."

"ಮಾರ್ತಾನಾ?"

"ಇವತ್ತೇ ಯಾರೋ ನೋಡೋಕೆ ಬರ್ತಾರಂತೆ. ಆ ಬೂಟು ಬಗ್ಗಿಸಿ ನೋಡೋಣ ಅಂದ್ರೆ ಕೈ ಎಟುಕಲಿಲ್ಲ ನಂಗೆ. ಯಾಕೇ, ಹಾಲಿನ ಥರ ಬಿಳಿಚ್ಕೊಂಡಿದೀಯ?"

ಮಧ್ಯಾಹ್ನ ಅಂಗಡಿ ಮುಚ್ಚಿದೊಡನೆ ಮಿರೆಲ್ಲಾ ಹಿಂದಿನ ಕಪಾಟಿನಿಂದ ಕಪ್ಪು ಬೂಟಿನ ಡಬ್ಬ ತೆಗೆದುಕೊಂಡು ಹೊರಟಳು. ದಾರಿಯಲ್ಲಿ ಬಾರಿನ ಬಾಗಿಲ ಮೇಲೆ ನೀಲಿ ಬೂಟು ಗಾಳಿಗೆ ನಿಧಾನವಾಗಿ ತಿರುಗುತ್ತಿತ್ತು. ಇಡೀ ಊರು ಅದನ್ನು ಅವನ ಸೋಲು ಎಂದು ಓದುತ್ತಿತ್ತು.

ಶಾಲೆಯ ಅಡುಗೆಮನೆಯಲ್ಲಿ ಮಕ್ಕಳ ಊಟ ಮುಗಿದಿತ್ತು. ಒಲಿಂದೊ ದೊಡ್ಡ ತಪ್ಪಲೆಯಿಂದ ತಳ ಹತ್ತಿದ ಪೊಲೆಂತಾ ಎಂಬ ಮೆಕ್ಕೆಜೋಳದ ಗಂಜಿಯನ್ನು ಕೆರೆಯುತ್ತಿದ್ದ. ಅವಳನ್ನು ಕಂಡು ಮುಖ ಅರಳಿತು, ಡಬ್ಬ ಕಂಡು ಬಾಡಿತು.

"ಇನ್ನು ಬೂಟು ಬೇಡ. ಬೂಟಿನ ತಪ್ಪಲ್ಲ ಅದು."

"ಬೂಟಿನ ತಪ್ಪೇ," ಎಂದಳು ಅವಳು. "ನನ್ನ ತಪ್ಪು. ಅದು ನಿಮ್ಮ ತೂಕ ತಡೆಯೋ ಬೂಟಲ್ಲ. ನಂಗೆ ಗೊತ್ತಿತ್ತು."

"ಯಾವಾಗಿಂದ?"

"ಎರಡನೇ ಶನಿವಾರದಿಂದ."

ಕೆರೆಯುತ್ತಿದ್ದ ಕೈ ನಿಂತಿತು. ನಲ್ಲಿಯ ನೀರು ಸುರಿಯುತ್ತಲೇ ಇತ್ತು.

"ಪ್ರತಿ ಸಲ ಏರು ಬಿಟ್ಟು ಕೆಳಗೆ ಇಳಿದು ಬಂದಾಗ ಈ ದೇಹಾನ ಶಪಿಸಿದೀನಿ ನಾನು," ಎಂದ ಅವನು ಅವಳತ್ತ ತಿರುಗದೆ. "ರಾತ್ರಿ ಊಟ ಬಿಟ್ಟೆ. ನಿನ್ನೆ ಅವರೆಲ್ಲ ನಗೋದಕ್ಕೆ ಮುಂಚೆ ನಾನೇ ನಕ್ಕೆ. ಯಾಕೆ ಹೀಗೆ ಮಾಡಿದ್ರಿ?"

ಅವಳು ಜೀವಮಾನವಿಡೀ ಆರಿಸಿ ಆರಿಸಿ ಜೋಡಿಸಿದ ಮಾತುಗಳಲ್ಲಿ ಒಂದೂ ಈಗ ಕೈಗೆ ಸಿಗಲಿಲ್ಲ.

"ಸರಿಯಾದ್ದು ಕೊಟ್ಟಿದ್ರೆ ನೀವು ಶನಿವಾರ ಬರ್ತಿರಲಿಲ್ಲ."

ಒಲಿಂದೊ ನಲ್ಲಿ ನಿಲ್ಲಿಸಿದ.

"ಬರ್ತಿದ್ದೆ," ಎಂದ. "ಕೇಕ್ ಯಾತಕ್ಕೆ ತರ್ತಿದ್ದೆ ಅಂದ್ಕೊಂಡ್ರಿ? ಒಂದು ಮಾತು ಕೇಳಿದ್ರೆ ಸಾಕಿತ್ತು."

ಅವನು ಬೈದಿದ್ದರೆ ತಡೆದುಕೊಳ್ಳುತ್ತಿದ್ದಳು. ಇದನ್ನು ತಡೆಯಲಾಗದೆ ಕಣ್ಣೊರೆಸಿಕೊಂಡಳು.

"ನಂಗೆ ಸಿಟ್ಟು ಬಂದಿದೆ ಮಿರೆಲ್ಲಾ. ಅದು ಇವತ್ತೇ ಹೋಗಲ್ಲ."

"ಹೋಗೋದು ಬೇಡ, ಇರಲಿ. ಸೈಕಲ್ ಮಾತ್ರ ಮಾರಬೇಡಿ." ಅವಳು ಉಸಿರೆಳೆದುಕೊಂಡಳು. "ಈಗ ಕೇಳ್ತೀನಿ. ಮೊದಲ ದಿನಾನೇ ಕೇಳಬೇಕಿತ್ತು. ನಿಮ್ಮ ತೂಕ ಎಷ್ಟು?"

ಅವನು ಕೈಯೊರೆಸಿಕೊಂಡು, ಮೂಲೆಯಲ್ಲಿದ್ದ, ಆಲೂಗಡ್ಡೆ ಮೂಟೆ ತೂಗುವ ತಕ್ಕಡಿಯ ಮೇಲೆ ಹತ್ತಿ ನಿಂತ. ಮುಳ್ಳು ನೂರಿಪ್ಪತ್ತನ್ನು ದಾಟಿ ನಿಂತಿತು. ಅವನ ಕಿವಿ ಕೆಂಪಾಯಿತು.

"ಸರಿ," ಎಂದಳು ಅವಳು, ಯಾರೋ ಗಂಟೆ ಎಷ್ಟೆಂದು ಹೇಳಿದಷ್ಟೇ ಸಹಜವಾಗಿ. "ಮಧ್ಯಾಹ್ನ ಕಾಲು ಸ್ವಲ್ಪ ಊದಿರತ್ತೆ, ಅಳೆಯೋಕೆ ಇದೇ ಹೊತ್ತು ಒಳ್ಳೇದು. ನಿಂತೇ ಇರಿ."

ಭಾರ ಬಿದ್ದಾಗ ಪಾದ ಎಷ್ಟು ಹರಡುತ್ತದೆಂದು ಅಳೆದಳು. ಕಪ್ಪು ಬೂಟನ್ನು ಅವನ ಕೈಗಿಟ್ಟು, "ಬಗ್ಗಿಸಿ," ಎಂದಳು. ಶಾಲೆಗೆಲ್ಲ ಪೊಲೆಂತಾ ತಿರುವುವ ಕೈಗಳು ಹೆಣಗಿದವು.

"ಬಗ್ಗಲ್ಲ ಇದು."

"ಅದಕ್ಕೇ ಇದು ನಿಮ್ಮದು. ನೀವು ಒತ್ತಿದ್ದೆಲ್ಲ ಪೆಡಲಿಗೇ ಹೋಗತ್ತೆ."

ಬೆರಳಿಗೆ ಜಾಗವಿದೆಯೇ, ಹಿಮ್ಮಡಿ ಏಳುತ್ತದೆಯೇ ಎಂದು ಒತ್ತಿ ನೋಡಿದಳು. ಬೆರಳುಗಳ ಬುಡದ ಮೇಲಿನ ಒತ್ತಡ ತಗ್ಗಲೆಂದು ಕ್ಲೀಟನ್ನು ಹಿಂದಕ್ಕೆ ಕೂರಿಸಿದಳು. ತಲೆಯೆತ್ತಿದಾಗ ಅವನು ನಿಜವಾಗಿಯೂ ಗೋಡೆ ನೋಡುತ್ತಿದ್ದ.

*

ಶನಿವಾರ ಅವನು ಬರಲಿಲ್ಲ.

"ಬಾಗಿಲನ್ನ ಹಾಗೆ ನೋಡ್ತಾ ಇದ್ರೆ ಅದು ಸವೆದುಹೋಗತ್ತೆ ಕಣೇ," ಎಂದಳು ಚಿಕ್ಕಮ್ಮ.

ಭಾನುವಾರ ಬಳಗಕ್ಕೆ ನೀರು ಕೊಡುವ ಸರದಿ ಅಂಗಡಿಯದು. ಚಿಕ್ಕಮ್ಮ ವ್ಯಾನಿನಲ್ಲಿ ಬೆಟ್ಟದ ತುದಿಗೆ ಹೋದಳು. ಮಿರೆಲ್ಲಾ ಮೇಲಿನ ಒಂದು ತಿರುವಿನಲ್ಲಿ ಬಾಟಲಿಗಳೊಂದಿಗೆ ನಿಂತಳು. ಒಬ್ಬೊಬ್ಬರಾಗಿ ದಾಟಿಹೋದರು. ಬಳಗದ ಹಿರಿಯ ಪ್ರಿಮೊ ಏದುಸಿರಲ್ಲೇ ಕೂಗಿದ, "ಏನಮ್ಮಾ, ಗ್ರಾಪ್ಪಾನ ಇನ್ನೊಂದು ಬೂಟಿಗೂ ಮೊಳೆ ಹೊಡೆದಿಟ್ಟಿದೀವಿ!"

ಎಲ್ಲರೂ ಮುಗಿದ ಮೇಲೆ ರಸ್ತೆ ಬಹಳ ಹೊತ್ತು ಖಾಲಿಯಿತ್ತು. ಆಮೇಲೆ ಅವನು ಕಂಡ. ನಿಧಾನ, ಆದರೆ ಒಂದೇ ಸಮ. ಅವಳ ಮುಂದೆ ಬಂದು ಬಲಗಾಲು ಬಿಡಿಸಿ ನೆಲಕ್ಕಿಟ್ಟ. ಟಕ್.

"ಜೋಮು?" ಎಂದಳು.

"ಇಲ್ಲ."

"ಸಿಟ್ಟು?"

"ಸುಮಾರಷ್ಟು ಕೆಳಗಿನ ತಿರುವುಗಳಲ್ಲಿ ಬಿದ್ದುಹೋಯ್ತು. ಸ್ವಲ್ಪ ಉಳಿದಿದೆ." ಬೆವರು ಕಣ್ಣಿಗಿಳಿದರೂ ರೆಪ್ಪೆ ಬಡಿಯದೆ ನೋಡಿದ. "ನಿನ್ನೆ ಬರಬಾರದು ಅಂತ ತುಂಬ ಕಷ್ಟಪಟ್ಟೆ. ಬೆಟ್ಟಾನೇ ವಾಸಿ."

ಅವಳು ಬಾಟಲಿ ಚಾಚಿದಳು. ಅವನು ಬಾಟಲಿ ಬಿಟ್ಟು ಕೈ ಹಿಡಿದ. ಎಡಗಾಲು ಇನ್ನೂ ಪೆಡಲಿನಲ್ಲಿದೆ ಎಂಬುದನ್ನು ಮರೆತು ಅವಳತ್ತ ವಾಲಿದ. ಸೈಕಲ್ಲು, ಅವನು, ಅವಳು, ಮೂರೂ ರಸ್ತೆಯಂಚಿನ ಹುಲ್ಲಿನ ಮೇಲೆ.

"ಪೆಟ್ಟಾಯ್ತಾ ನಿಂಗೆ?" ಎಂದ ಗಾಬರಿಯಲ್ಲಿ. ಮೊದಲ ಸಲ ‘ನೀವು’ ಹೋಗಿ ‘ನೀನು’ ಬಂದಿತ್ತು.

"ಇಲ್ಲ. ಏಳಬೇಡ," ಎಂದಳು. ಈ ಮಾತನ್ನು ಒಂದು ಸಲವೂ ಯೋಚಿಸಿರಲಿಲ್ಲ. ಅವನ ತುಟಿಯಲ್ಲಿ ಉಪ್ಪಿತ್ತು.

ಮೇಲಿನ ತಿರುವಿನಲ್ಲಿ ಅವನಿಗಾಗಿ ಕಾಯುತ್ತಿದ್ದ ಪ್ರಿಮೊ ಕೂಗಿದ, "ಲೋ ಗ್ರಾಪ್ಪಾ! ತಳ್ಕೊಂಡು ಬರ್ತಿದೀಯೇನೋ?"

"ಇಲ್ಲಪ್ಪಾ! ನೀರು ಕುಡೀತಿದೀನಿ!"

ಕಡಿದಾದ ಏರು. ನಿಂತಲ್ಲಿಂದ ಹೊರಡಲು ಒಲಿಂದೊ ಎರಡು ಸಲ ಹೆಣಗಿದ, ಎರಡು ಸಲವೂ ಕಾಲೂರಿದ. ಮಿರೆಲ್ಲಾ ಮೇಲೆ ನೋಡಿದಳು, ಕೆಳಗೆ ನೋಡಿದಳು. ಪ್ರಿಮೊ ಹೊರಟುಹೋಗಿದ್ದ, ಯಾರೂ ಇರಲಿಲ್ಲ. ಆ ಅಗಲವಾದ ಬೆನ್ನಿಗೆ ಎರಡೂ ಅಂಗೈ ಕೊಟ್ಟು ಜೋರಾಗಿ ತಳ್ಳಿದಳು. ಸೈಕಲ್ ಮುಂದೆ ಸರಿಯಿತು, ಕ್ಲೀಟು ಕಚ್ಚಿತು, ಅವನು ಹಿಂತಿರುಗಿ ನೋಡದೆ ಹತ್ತಿಹೋದ. ಆ ಬೆನ್ನು ಈಗ ಬಾಗಿರಲಿಲ್ಲ.

ಸಂಜೆ ಬಾರಿನಲ್ಲಿ ನೀಲಿ ಬೂಟನ್ನು ಕೆಳಗಿಳಿಸಿ ಎಲ್ಲರೂ ಚಪ್ಪಾಳೆ ತಟ್ಟಿದರು. ಚಿಕ್ಕಮ್ಮ ಅದನ್ನು ಎರಡು ಕೈಯಲ್ಲಿ ಹಿಡಿದು ಬಗ್ಗಿಸಿ ನೋಡಿದಳು. ಆಮೇಲೆ ಮಿರೆಲ್ಲಾಳ ಮೊಣಕೈಯನ್ನೂ ನೋಡಿದಳು.

"ಇದೇನೇ ಹಸಿರು ಕಲೆ?"

"ಜಾರಿದೆ ಚಿಕ್ಕಮ್ಮ."

ಎದುರು ಮೇಜಿನಲ್ಲಿ ಒಲಿಂದೊ ತನ್ನ ಗ್ಲಾಸನ್ನೇ ನೋಡುತ್ತ ಕೂತಿದ್ದ. ಕಿವಿ ಕೆಂಪಾಗಿತ್ತು. ರೂಢಿಯ ಪ್ರಕಾರ ಇವತ್ತೂ ಒಂದು ಬೂಟು ಬಾಗಿಲೇರಬೇಕಿತ್ತು. ಮಿರೆಲ್ಲಾ ಹಳೆಯ ಅಭ್ಯಾಸದಂತೆ ಎದೆಯಲ್ಲಿ ಕಳವಳವನ್ನು ಹುಡುಕಿದಳು. ಇತ್ತು, ಆದರೆ ಹಗುರವಾಗಿತ್ತು. ಈ ಸಲ ಬಚ್ಚಿಟ್ಟದ್ದರಿಂದ ಯಾರ ಕಾಲೂ ಜೋಮು ಹಿಡಿಯುವುದಿಲ್ಲ.

ಯಾರಿಗೂ ಹೇಳುವುದಿಲ್ಲ ಎಂದು ಅವಳು ನಿರ್ಧರಿಸಿದಳು.